ಹತ್ತು ನಿಮಿಷ ಹಿಡಿದಿಡುವ ಕೆಲಸಕ್ಕೆ ರೆಡಿಸ್: ಮೊದಲು ಕಲಿಯಬೇಕಾದ ಕಮಾಂಡ್‌ಗಳು

ಉತ್ತರ ಕನ್ನಡದ ರಾಮನಗರದಿಂದ ಗಣೇಶಗುಡಿಯವರೆಗೆ, ದಾಂಡೇಲಿಯಿಂದ ಜೋಯಿಡಾದ ಕಾಡಂಚಿನವರೆಗೆ ಹೋಂಸ್ಟೇ ನಡೆಸುವವರಿಗೆ ಡಿಸೆಂಬರ್ ಬಂತೆಂದರೆ ಒಂದು ತಲೆನೋವು ಕಾದಿರುತ್ತದೆ. ಶನಿವಾರ ಸಂಜೆ ಹುಬ್ಬಳ್ಳಿಯಿಂದ ಒಂದು ಕುಟುಂಬ ಬಂದಿಳಿಯುತ್ತದೆ. ಅರ್ಧ ಗಂಟೆಯಲ್ಲಿ ಅನಮೋಡ ಘಾಟಿ ಹತ್ತಿ ಗೋವಾದಿಂದ ಇನ್ನೊಂದು ಕುಟುಂಬ ಬರುತ್ತದೆ. ಇಬ್ಬರ ಮೊಬೈಲಿನಲ್ಲೂ ಅದೇ ಕೋಣೆಯ, ಅದೇ ದಿನದ ಬುಕಿಂಗ್ ಸಂದೇಶ. ಮಾಲೀಕರು ಮೊದಲು ಫೋನ್ ಮಾಡುವುದು ವೆಬ್‌ಸೈಟ್ ಮಾಡಿಕೊಟ್ಟವರಿಗೆ. ಆ ಫೋನ್ ಎತ್ತುವವರು ನೀವಾಗಿದ್ದರೆ, ಅಥವಾ ಹಳಿಯಾಳದ ಕೆಎಲ್‌ಎಸ್ ವಿಶ್ವನಾಥರಾವ್ ದೇಶಪಾಂಡೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಂಥ ಕಾಲೇಜಿನಲ್ಲಿ ಓದುತ್ತ ಇಂಥದೇ ಪ್ರಾಜೆಕ್ಟ್ ಮಾಡುತ್ತಿದ್ದರೆ, ಮುಂದಿನದನ್ನು ಕಂಪ್ಯೂಟರ್ ಪಕ್ಕದಲ್ಲಿಟ್ಟುಕೊಂಡು ಓದಿ.

ತಪ್ಪು ಎಲ್ಲಿ ಆಗುತ್ತದೆ? ನಿಮ್ಮ ಪ್ರೋಗ್ರಾಂ ಮೊದಲು ಡೇಟಾಬೇಸನ್ನು ಕೇಳುತ್ತದೆ: ಈ ಕೋಣೆ ಖಾಲಿ ಇದೆಯೇ? ಇದೆ ಎಂಬ ಉತ್ತರ ಬಂದ ಮೇಲೆ ಗ್ರಾಹಕರಿಗೆ ಹಣ ಕಟ್ಟುವ ಪುಟ ತೋರಿಸುತ್ತದೆ. ಹಣ ಬಂದ ಮೇಲೆ ‘ಬುಕ್ ಆಗಿದೆ’ ಎಂದು ಬರೆಯುತ್ತದೆ. ಕೇಳಿದ್ದಕ್ಕೂ ಬರೆದದ್ದಕ್ಕೂ ನಡುವೆ ಕೆಲವು ನಿಮಿಷಗಳ ಬಿಡುವಿದೆ. ಆ ಬಿಡುವಿನಲ್ಲಿ ಎರಡನೆಯವರು ಬಂದು ಕೇಳಿದರೆ ಅವರಿಗೂ ‘ಖಾಲಿ ಇದೆ’ ಎಂಬ ಉತ್ತರವೇ ಸಿಗುತ್ತದೆ. ಕಾಡಿನ ನಡುವೆ ಸಿಗ್ನಲ್ ಬಂದು ಹೋಗುವ ನಮ್ಮ ಕಡೆ ಈ ಬಿಡುವು ಪಟ್ಟಣದವರಿಗಿಂತ ಉದ್ದ.

ಹಾಗಾದರೆ ಕೇಳಿದ ಕೂಡಲೇ ಮೈಎಸ್‌ಕ್ಯುಎಲ್ ಕೋಷ್ಟಕದಲ್ಲಿ ‘ಹಿಡಿದಿದೆ’ ಎಂದು ಗುರುತು ಹಾಕಿದರಾಯಿತಲ್ಲ ಎನ್ನಬಹುದು. ಹಾಕಬಹುದು. ಆದರೆ ಗ್ರಾಹಕರು ಹಣ ಕಟ್ಟುವ ಮೊದಲೇ ನೆಟ್‌ವರ್ಕ್ ಕಳೆದುಕೊಂಡು ಮಾಯವಾದರೆ ಆ ಗುರುತನ್ನು ಅಳಿಸುವವರು ಯಾರು? ನಿಮಿಷಕ್ಕೊಮ್ಮೆ ಎದ್ದು ಹಳೆಯ ಗುರುತುಗಳನ್ನು ಹುಡುಕಿ ಅಳಿಸುವ ಇನ್ನೊಂದು ಪ್ರೋಗ್ರಾಂ ಬರೆಯಬೇಕು, ಅದು ನಿಲ್ಲದಂತೆ ನೋಡಿಕೊಳ್ಳಬೇಕು. ಡಿಸ್ಕಿನಲ್ಲಿ ಬರೆದಿಡುವ ಡೇಟಾಬೇಸ್‌ಗಳನ್ನು ಕಟ್ಟಿರುವುದೇ ಮರೆಯದಿರಲೆಂದು. ಇಲ್ಲಿ ನಮಗೆ ಬೇಕಿರುವುದು ಹೇಳಿದ ಹೊತ್ತಿಗೆ ಸರಿಯಾಗಿ ಮರೆಯುವ ಡೇಟಾಬೇಸ್. ರೆಡಿಸ್ ಅಂಥದ್ದು.

ಹೋಂಸ್ಟೇ ಬಾಗಿಲ ಬಳಿ ತೂಗುಹಾಕಿದ ಕರಿಹಲಗೆಯನ್ನು ನೆನೆಯಿರಿ. ಇವತ್ತು ಯಾವ ಕೋಣೆಯಲ್ಲಿ ಯಾರು ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಕಣ್ಣು ಹಾಯಿಸಿದರೆ ಸಾಕು, ತಿಳಿಯುತ್ತದೆ. ಮಾಲೀಕರ ಕಪಾಟಿನಲ್ಲಿರುವ, ವರ್ಷಗಟ್ಟಲೆ ಉಳಿಯಬೇಕಾದ ರಿಜಿಸ್ಟರ್ ಬೇರೆಯೇ. ರೆಡಿಸ್ ಆ ಹಲಗೆ, ಮೈಎಸ್‌ಕ್ಯುಎಲ್ ಆ ರಿಜಿಸ್ಟರ್. ಒಂದರ ಕೆಲಸವನ್ನು ಇನ್ನೊಂದರ ಮೇಲೆ ಹೇರಿದಾಗಲೇ ತೊಂದರೆ ಶುರುವಾಗುವುದು.

ಎಲ್ಲಿಂದ ಬಂತು, ಏಕೆ ವೇಗ

ಇಟಲಿಯ ಸಿಸಿಲಿಯವರಾದ ಸಾಲ್ವತೋರೆ ಸ್ಯಾನ್‌ಫಿಲಿಪ್ಪೊ 2009ರಲ್ಲಿ ರೆಡಿಸನ್ನು ಹೊರತಂದರು. ವೆಬ್‌ಸೈಟಿಗೆ ಯಾರು ಬಂದುಹೋಗುತ್ತಿದ್ದಾರೆ ಎಂದು ಆ ಕ್ಷಣವೇ ತೋರಿಸುವ ಸೇವೆಯೊಂದನ್ನು ಅವರು ನಡೆಸುತ್ತಿದ್ದರು. ಡಿಸ್ಕ್ ಡೇಟಾಬೇಸ್ ಆ ಭಾರಕ್ಕೆ ಏದುಸಿರು ಬಿಟ್ಟಾಗ ಸಿ ಭಾಷೆಯಲ್ಲಿ ತಮ್ಮದೇ ಒಂದನ್ನು ಬರೆದುಕೊಂಡರು. ಇವತ್ತು ಅದು ಜಗತ್ತಿನ ಎಲ್ಲೆಡೆ ಇದೆ. ಬೆಂಗಳೂರಿನ ಷೇರು ವ್ಯವಹಾರ ಸಂಸ್ಥೆ ಝೀರೋಧಾದ ತಂತ್ರಜ್ಞರು ತಾವು ಇದನ್ನು ಬಳಸುವ ಬಗ್ಗೆ ಬರೆದಿದ್ದಾರೆ. 2024ರ ಮಾರ್ಚ್‌ನಲ್ಲಿ ರೆಡಿಸ್ ತನ್ನ ಪರವಾನಗಿಯನ್ನು ಬಿಗಿ ಮಾಡಿದಾಗ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ವಾಲ್‌ಕೀ ಎಂಬ ಮುಕ್ತ ಕವಲು ಹುಟ್ಟಿತು. ಕೆಳಗಿನ ಕಮಾಂಡ್‌ಗಳು ಎರಡರಲ್ಲೂ ಒಂದೇ ರೀತಿ ನಡೆಯುತ್ತವೆ. ಕಲಿಯುವವರು ಯಾವುದನ್ನು ಹಾಕಿಕೊಂಡರೂ ನಷ್ಟವಿಲ್ಲ.

ವೇಗಕ್ಕೆ ಕಾರಣ ಎರಡು. ಒಂದು, ಎಲ್ಲ ಮಾಹಿತಿಯೂ ರ್‍ಯಾಮ್‌ನಲ್ಲೇ ಇರುತ್ತದೆ. ಓದಲು ಡಿಸ್ಕಿನ ತನಕ ಹೋಗಬೇಕಿಲ್ಲ. ಎರಡು, ಪ್ರತಿ ಮೌಲ್ಯಕ್ಕೂ ಒಂದು ಹೆಸರಿದೆ. ಆ ಹೆಸರೇ ಕೀ. ಕೀ ಹೇಳಿದರೆ ನೇರ ಅಲ್ಲಿಗೇ ಹೋಗುತ್ತದೆ, ಸಾಲುಸಾಲಾಗಿ ಹುಡುಕುವುದಿಲ್ಲ.

ಇನ್ನೊಂದು ಗುಣ ನಮ್ಮ ಕೋಣೆಯ ಜಗಳಕ್ಕೆ ವೇಗಕ್ಕಿಂತ ಮುಖ್ಯ. ರೆಡಿಸ್ ಕಮಾಂಡ್‌ಗಳನ್ನು ಒಂದಾದ ಮೇಲೊಂದರಂತೆ ನಡೆಸುತ್ತದೆ. ಸಾವಿರ ಜನ ಒಟ್ಟಿಗೆ ಕೇಳಿದರೂ ಒಂದು ಕಮಾಂಡ್ ಮುಗಿಯುವ ತನಕ ಇನ್ನೊಂದು ನಡುವೆ ನುಸುಳುವುದಿಲ್ಲ. ‘ಖಾಲಿ ಇದೆಯೇ ನೋಡು, ಇದ್ದರೆ ನನ್ನ ಹೆಸರು ಬರೆ’ ಎಂಬ ಎರಡು ಕೆಲಸವನ್ನು ಒಂದೇ ಕಮಾಂಡಿನಲ್ಲಿ ಹೇಳಿಬಿಟ್ಟರೆ ಆ ಬಿಡುವೇ ಇಲ್ಲವಾಗುತ್ತದೆ. ಈ ಲೇಖನದ ಬೆನ್ನೆಲುಬು ಇದೇ.

ಶುರು ಮಾಡುವ ಮುನ್ನ

ಉಬುಂಟು ಇದ್ದರೆ ಆ್ಯಪ್ಟ್ ಮೂಲಕ ರೆಡಿಸ್-ಸರ್ವರ್ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ವಿಂಡೋಸ್ ಇರುವವರು ಡಬ್ಲ್ಯುಎಸ್‌ಎಲ್ ಹಾಕಿ ಅದರೊಳಗೆ ಉಬುಂಟು ತೆರೆಯಿರಿ. ಹಳೆಯ ಲ್ಯಾಪ್‌ಟಾಪ್ ಎಂದು ಹಿಂಜರಿಯಬೇಡಿ. ಖಾಲಿ ರೆಡಿಸ್ ಸುಮಾರು 3 ಎಂಬಿ ಮೆಮೊರಿಯಲ್ಲಿ ಓಡುತ್ತದೆ. ಸಣ್ಣ ಸಣ್ಣ ಕೀ-ಮೌಲ್ಯಗಳು 10 ಲಕ್ಷ ಇದ್ದರೂ ಹೆಚ್ಚುಕಡಿಮೆ 85 ಎಂಬಿ ಸಾಕು ಎಂದು ರೆಡಿಸ್‌ನ ದಾಖಲೆಯೇ ಹೇಳುತ್ತದೆ. ಒಂದು ತಾಲ್ಲೂಕಿನ ಎಲ್ಲ ಹೋಂಸ್ಟೇಗಳ ಲೆಕ್ಕ ಇದರ ಒಂದು ಮೂಲೆಯಲ್ಲಿ ಕೂರುತ್ತದೆ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಕಮಾಂಡಿನ ಹೆಸರಿಗೆ ದೊಡ್ಡಕ್ಷರ-ಸಣ್ಣಕ್ಷರದ ಭೇದವಿಲ್ಲ, ಕೀಗೆ ಇದೆ. ಒಮ್ಮೆ ದೊಡ್ಡಕ್ಷರದಲ್ಲಿ, ಇನ್ನೊಮ್ಮೆ ಸಣ್ಣಕ್ಷರದಲ್ಲಿ ಬರೆದರೆ ಅವು ಎರಡು ಬೇರೆ ಕೀಗಳು.

ಹಂತ ಹಂತವಾಗಿ

1. ಮಾತಾಡಿಸಿ ನೋಡಿ. ರೆಡಿಸ್-ಸಿಎಲ್‌ಐ ಎಂದು ಟೈಪ್ ಮಾಡಿ ಒಳಗೆ ಹೋಗಿ. ‘ಪಿಂಗ್’ ಎನ್ನಿ. ‘ಪಾಂಗ್’ ಎಂದು ಉತ್ತರ ಬಂದರೆ ಸರ್ವರ್ ಎದ್ದಿದೆ. ಸಂಪರ್ಕ ಸಿಗಲಿಲ್ಲ ಎಂದರೆ ಸರ್ವರ್ ಶುರುವಾಗಿಲ್ಲ, ಅಥವಾ ಅದು ಸಾಮಾನ್ಯವಾಗಿ ಕೂರುವ 6379 ಎಂಬ ಪೋರ್ಟ್ ಸಂಖ್ಯೆ ಬದಲಾಗಿದೆ.

2. ಇಡಿ, ತೆಗೆಯಿರಿ. ಇಡುವುದಕ್ಕೆ ಸೆಟ್, ಓದುವುದಕ್ಕೆ ಗೆಟ್:

ಸೆಟ್ ಕೋಣೆ:3:ದರ 2500
ಗೆಟ್ ಕೋಣೆ:3:ದರ

ಮೊದಲನೆಯದಕ್ಕೆ ‘ಓಕೆ’, ಎರಡನೆಯದಕ್ಕೆ ‘2500’ ಬರುತ್ತದೆ. ಇಲ್ಲದ ಕೀಯನ್ನು ಕೇಳಿದರೆ ‘ನಿಲ್’ ಎನ್ನುತ್ತದೆ. ಅದು ದೋಷವಲ್ಲ, ‘ನನ್ನ ಹತ್ತಿರ ಇಲ್ಲ’ ಎಂಬ ನೇರ ಉತ್ತರ. ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕಾದರೆ ಎಕ್ಸಿಸ್ಟ್ಸ್ ಬಳಸಿ. 1 ಅಥವಾ 0 ಬರುತ್ತದೆ. ಅಳಿಸಲು ಡೆಲ್, ಎಷ್ಟು ಕೀ ಅಳಿಸಿತು ಎಂಬ ಸಂಖ್ಯೆಯನ್ನು ಅದು ಹೇಳುತ್ತದೆ.

ಕೀ ನಡುವಿನ ಆ ಎರಡು ಚುಕ್ಕಿಗೆ ರೆಡಿಸ್ ವಿಶೇಷ ಅರ್ಥವನ್ನೇನೂ ಕೊಡುವುದಿಲ್ಲ. ಅದು ಬಳಸುವವರ ರೂಢಿ. ಆದರೆ ಒಳ್ಳೆಯ ರೂಢಿ: ಏನು, ಯಾವುದು, ಯಾವ ದಿನ ಎಂಬ ಕ್ರಮದಲ್ಲಿ ಹೆಸರಿಟ್ಟರೆ ಆರು ತಿಂಗಳ ಮೇಲೆ ನೋಡಿದರೂ ಅರ್ಥವಾಗುತ್ತದೆ. ಮೊದಲ ದಿನವೇ ಈ ಕ್ರಮವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

3. ಆಯಸ್ಸು ಕೊಡಿ. ಹೆಚ್ಚಿನವರು ಸೆಟ್, ಗೆಟ್ ಕಲಿತು ಅಲ್ಲಿಗೇ ನಿಲ್ಲುತ್ತಾರೆ. ನನ್ನ ಮಟ್ಟಿಗೆ ರೆಡಿಸ್ ಶುರುವಾಗುವುದೇ ಇಲ್ಲಿಂದ. ಮೊಬೈಲಿಗೆ ಕಳಿಸಿದ ಒಟಿಪಿಯನ್ನು 5 ನಿಮಿಷ ಮಾತ್ರ ಇಟ್ಟುಕೊಳ್ಳಬೇಕೆನ್ನಿ:

ಸೆಟ್ ಒಟಿಪಿ:81 4471 ಇಎಕ್ಸ್ 300

ಇಎಕ್ಸ್ ನಂತರದ್ದು ಸೆಕೆಂಡುಗಳ ಲೆಕ್ಕ. 300 ಸೆಕೆಂಡ್ ಕಳೆದ ಮೇಲೆ ಗೆಟ್ ಎಂದರೆ ನಿಲ್. ಯಾರೂ ಅಳಿಸಬೇಕಿಲ್ಲ. ಆಗಲೇ ಇರುವ ಕೀಗೆ ಆಯಸ್ಸು ಕೊಡಲು ಎಕ್ಸ್‌ಪೈರ್, ಕೊಟ್ಟ ಆಯಸ್ಸನ್ನು ತೆಗೆದುಹಾಕಲು ಪರ್ಸಿಸ್ಟ್. ಇನ್ನೆಷ್ಟು ಹೊತ್ತು ಬದುಕುತ್ತದೆ ಎಂದು ತಿಳಿಯಲು ಟಿಟಿಎಲ್. ಈ ಟಿಟಿಎಲ್ ಎರಡು ಋಣ ಸಂಖ್ಯೆಗಳನ್ನೂ ಹೇಳುತ್ತದೆ. -1 ಎಂದರೆ ಕೀ ಇದೆ, ಆದರೆ ಆಯಸ್ಸಿನ ಮಿತಿ ಇಲ್ಲ. -2 ಎಂದರೆ ಕೀಯೇ ಇಲ್ಲ. ತಾತ್ಕಾಲಿಕವಾಗಿ ಇಟ್ಟ ಕೀಗೆ -1 ಬಂದರೆ ಎಲ್ಲೋ ತಪ್ಪಿದ್ದೀರಿ, ಅದು ಶಾಶ್ವತವಾಗಿ ಮೆಮೊರಿಯಲ್ಲಿ ಕೂತುಬಿಡುತ್ತದೆ.

ಅವಧಿ ಮುಗಿದ ಕೀಯನ್ನು ರೆಡಿಸ್ ಎರಡು ದಾರಿಯಲ್ಲಿ ತೆಗೆಯುತ್ತದೆ. ಯಾರಾದರೂ ಕೇಳಿದಾಗ ‘ಇದರ ಹೊತ್ತು ಮುಗಿದಿದೆ’ ಎಂದು ಕಂಡರೆ ಅಲ್ಲೇ ಅಳಿಸುತ್ತದೆ. ಯಾರೂ ಕೇಳದೆ ಉಳಿದವನ್ನು ಸೆಕೆಂಡಿಗೆ ಹಲವು ಬಾರಿ ಅಷ್ಟಿಷ್ಟು ಆರಿಸಿ ನೋಡಿ ತೆಗೆಯುತ್ತದೆ. ಮುಗಿದ ಕೀ ಕೆಲ ಹೊತ್ತು ಮೆಮೊರಿಯಲ್ಲಿ ಉಳಿದಿರಬಹುದು, ಆದರೆ ನಿಮಗೆ ಎಂದೂ ಕಾಣಿಸದು.

4. ಕೋಣೆ ಹಿಡಿಯಿರಿ. ಈಗ ಮೂಲ ಸಮಸ್ಯೆಗೆ ಬರೋಣ. 3ನೇ ಕೋಣೆ, 2026ರ ಡಿಸೆಂಬರ್ 26ರ ಶನಿವಾರ, 81ನೇ ಗ್ರಾಹಕರು, 10 ನಿಮಿಷ:

ಸೆಟ್ ಹಿಡಿತ:ಕೋಣೆ3:2026-12-26 ಗ್ರಾಹಕ81 ಎನ್‌ಎಕ್ಸ್ ಇಎಕ್ಸ್ 600

ಎನ್‌ಎಕ್ಸ್ ಎಂದರೆ ‘ಈ ಕೀ ಇಲ್ಲದಿದ್ದರೆ ಮಾತ್ರ ಇಡು’. ಓಕೆ ಎಂದು ಬಂದರೆ ಕೋಣೆ ಇವರ ಕೈಯಲ್ಲಿದೆ, ಹಣ ಕಟ್ಟುವ ಪುಟ ತೋರಿಸಿ. ನಿಲ್ ಬಂದರೆ ಬೇರೆಯವರು ಆಗಲೇ ಹಿಡಿದಿದ್ದಾರೆ. ‘ಇನ್ನೊಬ್ಬರು ಬುಕ್ ಮಾಡುತ್ತಿದ್ದಾರೆ, ಸ್ವಲ್ಪ ಹೊತ್ತಿನ ನಂತರ ನೋಡಿ’ ಎಂದು ತೋರಿಸಿ. ಎಷ್ಟು ಹೊತ್ತು ಎಂದು ಹೇಳಲು ಟಿಟಿಎಲ್ ಕೇಳಿದರಾಯಿತು. ನೋಡುವುದು, ಬರೆಯುವುದು, ಆಯಸ್ಸು ಕೊಡುವುದು ಮೂರೂ ಒಂದೇ ಕಮಾಂಡಿನಲ್ಲಿ ಮುಗಿದವು. ಗ್ರಾಹಕರು ನಡುವೆ ಮಾಯವಾದರೆ 600 ಸೆಕೆಂಡಿನಲ್ಲಿ ಕೋಣೆ ತಾನಾಗಿ ಬಿಡುಗಡೆ.

ಇಲ್ಲಿ ಎರಡು ಎಚ್ಚರಿಕೆ ಬೇಕೇ ಬೇಕು. ಮೊದಲನೆಯದು, ಹಿಡಿತ ಎಂದರೆ ಬುಕಿಂಗ್ ಅಲ್ಲ. ಹಣ ಬಂದ ಮೇಲೆ ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್‌ನಲ್ಲಿ ಬರೆಯಲೇಬೇಕು, ಅಲ್ಲಿ ಕೋಣೆ ಮತ್ತು ದಿನಾಂಕದ ಜೋಡಿ ಎರಡು ಸಲ ಬಾರದಂತೆ ಯುನೀಕ್ ನಿಯಮವನ್ನೂ ಹಾಕಿರಬೇಕು. ಯುಪಿಐ ಹಣ 11ನೇ ನಿಮಿಷಕ್ಕೆ ಬಂದು ಅಷ್ಟರಲ್ಲಿ ಕೋಣೆ ಬೇರೆಯವರದಾಗಿದ್ದರೆ ಕೊನೆಯ ಕಾವಲು ಆ ನಿಯಮವೇ. ಆಗ ಹಣ ಹಿಂದಿರುಗಿಸುವ ದಾರಿಯೂ ನಿಮ್ಮ ಪ್ರೋಗ್ರಾಮಿನಲ್ಲಿರಲಿ.

ಎರಡನೆಯದು, ಬಿಡುವಾಗ ಕಣ್ಣುಮುಚ್ಚಿ ಡೆಲ್ ಕೊಡಬೇಡಿ. ನಿಮ್ಮ ಹಿಡಿತದ ಅವಧಿ ಮುಗಿದು, ಬೇರೆಯವರು ಹಿಡಿದ ಮೇಲೆ ನಿಮ್ಮ ಡೆಲ್ ಹೋಗಿ ಬಿದ್ದರೆ ಅವರ ಹಿಡಿತ ಅಳಿಯುತ್ತದೆ. ಮೌಲ್ಯದಲ್ಲಿ ಇರುವುದು ನಮ್ಮ ಗ್ರಾಹಕರ ಗುರುತೇ ಎಂದು ನೋಡಿ, ಆಗಿದ್ದರೆ ಮಾತ್ರ ಅಳಿಸಬೇಕು. ನೋಡುವುದೂ ಅಳಿಸುವುದೂ ಒಟ್ಟಿಗೆ ನಡೆಯಬೇಕಾದ್ದರಿಂದ ಇದಕ್ಕೆ ಇವ್ಯಾಲ್ ಎಂಬ ಕಮಾಂಡಿನೊಳಗೆ ಮೂರ್ನಾಲ್ಕು ಸಾಲಿನ ಲುವಾ ಸ್ಕ್ರಿಪ್ಟ್ ಬರೆಯುತ್ತಾರೆ. ಅದು ಕಷ್ಟ ಎನಿಸಿದರೆ ಸದ್ಯಕ್ಕೆ ಅಳಿಸಲೇ ಬೇಡಿ, ಅವಧಿ ಮುಗಿದು ತಾನೇ ಹೋಗಲಿ. ತಪ್ಪಾಗಿ ಅಳಿಸುವುದಕ್ಕಿಂತ 10 ನಿಮಿಷ ಕಾಯುವುದು ಲೇಸು.

5. ಎಣಿಸಿ. ಗಣೇಶಗುಡಿ ಕಡೆಯ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನಿಂದ ಕಾಳಿ ನದಿಗೆ ಬಿಡುವ ನೀರನ್ನು ನಂಬಿಕೊಂಡು. ಇವತ್ತು ಎಷ್ಟು ಸೀಟು ಎಂಬುದು ಇವತ್ತೇ ತೀರ್ಮಾನವಾಗಬಹುದು. ಒಂದು ರಾಫ್ಟಿಗೆ 8 ಸೀಟು ಎಂದಿಟ್ಟುಕೊಳ್ಳಿ:

ಸೆಟ್ ಸೀಟು:ಬೆಳಿಗ್ಗೆ10 8 ಇಎಕ್ಸ್ 86400
ಡಿಕ್ರ್ ಸೀಟು:ಬೆಳಿಗ್ಗೆ10

ಡಿಕ್ರ್ ಅಂದರೆ ಡಿ-ಇ-ಸಿ-ಆರ್ ಎಂಬ ನಾಲ್ಕಕ್ಷರ. ಅದು ಒಂದನ್ನು ಕಳೆದು, ಉಳಿದ ಸಂಖ್ಯೆಯನ್ನು ಹೇಳುತ್ತದೆ. ಕೂಡಲು ಐ-ಎನ್-ಸಿ-ಆರ್ ಎಂಬ ಇನ್‌ಕ್ರ್. ‘ಗೆಟ್ ಮಾಡಿ, ಪೈಥಾನಿನಲ್ಲಿ ಒಂದು ಕಳೆದು, ಮತ್ತೆ ಸೆಟ್ ಮಾಡುತ್ತೇನೆ’ ಎಂದು ಹೊರಟರೆ ಕೋಣೆಯ ಕತೆಯೇ ಮರುಕಳಿಸುತ್ತದೆ: ಇಬ್ಬರು ಒಟ್ಟಿಗೆ 5 ಎಂದು ಓದಿ, ಇಬ್ಬರೂ 4 ಎಂದು ಬರೆದರೆ ಒಂದು ಸೀಟು ಲೆಕ್ಕದಿಂದ ಜಾರಿತು. ಡಿಕ್ರ್ ಕೊಟ್ಟರೆ ಒಬ್ಬರಿಗೆ 4, ಇನ್ನೊಬ್ಬರಿಗೆ 3 ಸಿಗುವುದು ಖಂಡಿತ.

ಆದರೆ ಡಿಕ್ರ್‌ಗೆ ಸೊನ್ನೆಯಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲ, -1, -2 ಎಂದು ಇಳಿಯುತ್ತಲೇ ಹೋಗುತ್ತದೆ. ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಕೂಡಲೇ ಇನ್‌ಕ್ರ್ ಕೊಟ್ಟು ಸೀಟನ್ನು ಹಿಂದಿರುಗಿಸಿ, ‘ಭರ್ತಿಯಾಗಿದೆ’ ಎಂದು ಹೇಳಿ. ಇಲ್ಲದ ಕೀ ಮೇಲೆ ಡಿಕ್ರ್ ಕೊಟ್ಟರೂ ರೆಡಿಸ್ ದೂರುವುದಿಲ್ಲ. ಸೊನ್ನೆ ಎಂದು ಭಾವಿಸಿ -1 ಮಾಡಿ ಹೊಸ ಕೀ ಸೃಷ್ಟಿಸುತ್ತದೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಹೀಗಾಗುತ್ತದೆ, ಆದ್ದರಿಂದ ಕೀ ಹೆಸರುಗಳನ್ನು ಪ್ರೋಗ್ರಾಮಿನಲ್ಲಿ ಒಂದೇ ಕಡೆ ತಯಾರಿಸಿ.

6. ಒಂದು ವಸ್ತುವಿನ ಹಲವು ವಿವರ. ಕೋಣೆಯ ದರ, ಮಂಚಗಳ ಸಂಖ್ಯೆ, ಬಿಸಿನೀರು ಇದೆಯೇ ಎಂಬುದನ್ನೆಲ್ಲ ಬೇರೆ ಬೇರೆ ಕೀಗಳಲ್ಲಿ ಚೆಲ್ಲುವ ಬದಲು ಹ್ಯಾಷ್ ಬಳಸಿ: ಇಡಲು ಎಚ್‌ಸೆಟ್, ಒಂದನ್ನು ತೆಗೆಯಲು ಎಚ್‌ಗೆಟ್, ಎಲ್ಲವನ್ನೂ ತೆಗೆಯಲು ಎಚ್‌ಗೆಟ್‌ಆಲ್. ಎಕ್ಸ್‌ಪೈರ್ ಕೊಟ್ಟರೆ ಅದು ಇಡೀ ಹ್ಯಾಷ್‌ಗೆ ಅನ್ವಯಿಸುತ್ತದೆ, ಒಳಗಿನ ಒಂದು ವಿವರಕ್ಕಲ್ಲ.

7. ಸಾಲು, ಗುಂಪು, ಶ್ರೇಯಾಂಕ. ಕಳಿಸಬೇಕಾದ ಎಸ್‌ಎಂಎಸ್‌ಗಳನ್ನು ಸರದಿಯಲ್ಲಿಡಲು ಲಿಸ್ಟ್ ಇದೆ: ಹಿಂದೆ ಸೇರಿಸಲು ಆರ್‌ಪುಶ್, ಮುಂದಿನಿಂದ ತೆಗೆಯಲು ಎಲ್‌ಪಾಪ್. ಒಂದೇ ವಸ್ತು ಎರಡು ಸಲ ಸೇರಬಾರದ ಗುಂಪಿಗೆ ಎಸ್‌ಆ್ಯಡ್. ಪಶ್ಚಿಮ ಘಟ್ಟದ 4 ಜಾತಿಯ ಮಂಗಟ್ಟೆಗಳೂ ದಾಂಡೇಲಿ ಸುತ್ತ ಸಿಗುತ್ತವಲ್ಲ, ಹಕ್ಕಿ ನೋಡಲು ಬಂದವರು ಇವತ್ತು ಯಾವ ಯಾವ ಹಕ್ಕಿ ಕಂಡರು ಎಂಬ ಪಟ್ಟಿಗೆ ಇದು ಹೇಳಿ ಮಾಡಿಸಿದ್ದು. ಹೊಸ ಹಕ್ಕಿಯಾದರೆ 1, ಆಗಲೇ ಪಟ್ಟಿಯಲ್ಲಿದ್ದರೆ 0 ಎಂಬ ಉತ್ತರ ಬರುತ್ತದೆ. ಎರಡು ತಂಡಗಳಿಗೂ ಕಂಡ ಹಕ್ಕಿಗಳು ಯಾವುವು ಎಂದರೆ ಎಸ್‌ಇಂಟರ್. ಯಾವ ಹಕ್ಕಿ ಹೆಚ್ಚು ಜನರಿಗೆ ಕಂಡಿತು ಎಂದು ಶ್ರೇಯಾಂಕ ಬೇಕಾದರೆ ಝಡ್‌ಇನ್‌ಕ್ರ್‌ಬೈ ಕೊಟ್ಟು ಎಣಿಕೆ ಏರಿಸುತ್ತ ಹೋಗಿ, ಝಡ್‌ರೆವ್‌ರೇಂಜ್ ಕೊಟ್ಟು ಮೇಲಿನಿಂದ ಓದಿ. ಮೊದಲ ಐದು ಹಂತ ಕೈಗೆ ಕೂತ ಮೇಲೆ ಇವು ತಾವಾಗಿ ಬರುತ್ತವೆ.

ಕನ್ನಡ ಇಡುವಾಗ

ರೆಡಿಸ್‌ಗೆ ಯಾವ ಲಿಪಿಯಾದರೂ ಒಂದೇ, ಅದು ನೋಡುವುದು ಬೈಟ್‌ಗಳನ್ನು. ಆದರೆ ಕನ್ನಡದಲ್ಲಿ ಇಟ್ಟು ಗೆಟ್ ಎಂದಾಗ ಪರದೆಯ ಮೇಲೆ ಓರೆಗೆರೆ, ಸಂಖ್ಯೆ, ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ. ಬಹಳ ಮಂದಿ ಇಲ್ಲಿಯೇ ಗಾಬರಿಯಾಗಿ ‘ರೆಡಿಸ್‌ಗೆ ಕನ್ನಡ ಬರುವುದಿಲ್ಲ’ ಎಂದುಬಿಡುತ್ತಾರೆ. ಮಾಹಿತಿ ಕೆಟ್ಟಿಲ್ಲ. ತೋರಿಸುವ ಕ್ರಮ ಮಾತ್ರ ಹಾಗಿದೆ. ರೆಡಿಸ್-ಸಿಎಲ್‌ಐ ತೆರೆಯುವಾಗ ಮುಂದೆ ಎರಡು ಅಡ್ಡಗೆರೆ ಹಾಕಿ ‘ರಾ’ ಎಂದು, ಅಂದರೆ ಆರ್-ಎ-ಡಬ್ಲ್ಯು ಎಂದು, ಸೇರಿಸಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಉದ್ದ ಅಳೆಯುವಾಗಲೂ ಎಚ್ಚರ ಬೇಕು. ‘ದಾಂಡೇಲಿ’ ಎಂದಿಟ್ಟು ಸ್ಟ್ರ್‌ಲೆನ್ ಕೇಳಿದರೆ 21 ಬರುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ಅದು ಕಾಗುಣಿತದ ಚಿಹ್ನೆಗಳೂ ಸೇರಿ 7 ಸಂಕೇತ, ಒಂದೊಂದಕ್ಕೂ 3 ಬೈಟ್. ರಾಮನಗರದ ಮರಾಠಿ ಮನೆಯವರ ಹೆಸರನ್ನು ದೇವನಾಗರಿಯಲ್ಲಿಟ್ಟರೂ, ಮುಂಡಗೋಡದ ಟಿಬೆಟನ್ ಕಾಲೊನಿಯವರ ಹೆಸರನ್ನು ಅವರ ಲಿಪಿಯಲ್ಲಿಟ್ಟರೂ ಅಕ್ಷರಸಂಕೇತಕ್ಕೆ ಅದೇ 3 ಬೈಟ್.

ಹಾಗಿದ್ದೂ ಕೀಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ ಎನ್ನುತ್ತೇನೆ, ಕನ್ನಡವನ್ನು ಮೌಲ್ಯಗಳಲ್ಲಿ ಧಾರಾಳವಾಗಿ ಬಳಸಿ. ಮೇಲಿನ ಉದಾಹರಣೆಗಳಲ್ಲಿ ಕನ್ನಡ ಕೀ ಬರೆದದ್ದು ಓದಿಗೆ ಸುಲಭವಾಗಲೆಂದು. ‘ಡೇ’ಯಲ್ಲಿನ ದೀರ್ಘಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ರೆಡಿಸ್‌ಗೆ ಒಂದು 21 ಬೈಟ್, ಇನ್ನೊಂದು 24 ಬೈಟ್, ಅಂದರೆ ಎರಡು ಬೇರೆ ಕೀಗಳು. ‘ಇಟ್ಟಿದ್ದೇನೆ, ಆದರೂ ನಿಲ್ ಬರುತ್ತಿದೆ’ ಎಂದು ತಡಕಾಡಿ ದಿನ ಕಳೆಯುವುದು ಬೇಡ.

ಕರೆಂಟ್ ಹೋದರೆ?

ಮಳೆಗಾಲದಲ್ಲಿ ಮರ ಬಿದ್ದು ತಾಸುಗಟ್ಟಲೆ ಕರೆಂಟ್ ಹೋಗುವ ಕಡೆ ಇದು ಬದಿಯ ಪ್ರಶ್ನೆಯಲ್ಲ. ರ್‍ಯಾಮ್‌ನಲ್ಲಿದ್ದದ್ದು ಕರೆಂಟಿನ ಜೊತೆಗೇ ಹೋಗುತ್ತದೆ. ಅದಕ್ಕೆಂದೇ ರೆಡಿಸ್ ಎರಡು ರೀತಿಯಲ್ಲಿ ಡಿಸ್ಕಿಗೆ ಪ್ರತಿ ಇಡುತ್ತದೆ.

ಮೊದಲನೆಯದು ಆರ್‌ಡಿಬಿ: ಆಗಾಗ ಇಡೀ ಮಾಹಿತಿಯ ಒಂದು ಚಿತ್ರ ತೆಗೆದಿಡುವುದು. ಇತ್ತೀಚಿನ ಆವೃತ್ತಿಗಳಲ್ಲಿ ಮೊದಲಿನಿಂದಲೇ ಇರುವ ನಿಯಮ ಹೀಗಿದೆ: 1 ಬದಲಾವಣೆಯಾದರೂ ಆಗಿದ್ದರೆ 3600 ಸೆಕೆಂಡಿಗೊಮ್ಮೆ, 100 ಆಗಿದ್ದರೆ 300 ಸೆಕೆಂಡಿಗೊಮ್ಮೆ, 10,000 ಆಗಿದ್ದರೆ 60 ಸೆಕೆಂಡಿಗೊಮ್ಮೆ. ದೊಡ್ಡ ಕಂಪನಿಗೆ ಇದು ಸರಿ. ಗಂಟೆಗೆ ಹತ್ತಿಪ್ಪತ್ತು ಬುಕಿಂಗ್ ಬರುವ ಸಣ್ಣ ವೆಬ್‌ಸೈಟಿಗೆ ಅನ್ವಯಿಸಿ ನೋಡಿ: ಕೊನೆಯ ಒಂದು ಗಂಟೆಯ ಮಾಹಿತಿಯೆಲ್ಲ ಹೋಗಬಹುದು. ವ್ಯವಹಾರ ಚಿಕ್ಕದಾದಷ್ಟೂ ಈ ನಿಯಮದಿಂದ ಅಪಾಯ ಹೆಚ್ಚು ಎಂಬುದನ್ನು ಅನೇಕರು ಗಮನಿಸುವುದಿಲ್ಲ.

ಎರಡನೆಯದು ಎಒಎಫ್: ಬದಲಾವಣೆ ಮಾಡುವ ಪ್ರತಿ ಕಮಾಂಡನ್ನೂ ಕಡತದ ಕೊನೆಗೆ ಬರೆಯುತ್ತ ಹೋಗುವುದು. ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸುವ ‘ಎವ್ರಿಸೆಕ್’ ಆಯ್ಕೆ ಇಟ್ಟರೆ ಹೋಗುವುದು ಸುಮಾರು ಒಂದು ಸೆಕೆಂಡಿನ ಮಾಹಿತಿ. ನಮ್ಮ ಕಡೆಯ ಸರ್ವರುಗಳಿಗೆ ನಾನು ಹೇಳುವುದು ಇದನ್ನೇ. ಆದರೆ ಆಗಲೇ ಮಾಹಿತಿ ತುಂಬಿರುವ ರೆಡಿಸ್‌ನಲ್ಲಿ ಸೆಟ್ಟಿಂಗ್ ಕಡತ ತಿದ್ದಿ ಸುಮ್ಮನೆ ರೀಸ್ಟಾರ್ಟ್ ಮಾಡಬೇಡಿ. ಅದು ಇನ್ನೂ ಬರೆಯದ ಎಒಎಫ್ ಕಡತವನ್ನು ಹುಡುಕಿ, ಖಾಲಿಯಾಗಿ ಏಳುವ ಅಪಾಯವಿದೆ. ಓಡುತ್ತಿರುವಾಗಲೇ ‘ಕಾನ್ಫಿಗ್ ಸೆಟ್ ಅಪೆಂಡ್‌ಓನ್ಲಿ ಯೆಸ್’ ಕೊಡಿ, ಕಡತ ಬರೆದು ಮುಗಿಯಲಿ, ಆಮೇಲೆ ‘ಕಾನ್ಫಿಗ್ ರೀರೈಟ್’ ಕೊಟ್ಟು ಸೆಟ್ಟಿಂಗ್ ಉಳಿಸಿ.

ಆಯಸ್ಸಿನ ಲೆಕ್ಕ ಕರೆಂಟ್ ಇಲ್ಲದಾಗಲೂ ನಡೆಯುತ್ತದೆ. ರೆಡಿಸ್ ಬರೆದಿಡುವುದು ‘ಇನ್ನು 600 ಸೆಕೆಂಡ್’ ಎಂದಲ್ಲ, ಇಂಥ ದಿನ ಇಂಥ ಹೊತ್ತಿಗೆ ಮುಗಿಯುತ್ತದೆ ಎಂದು. ಒಂದು ತಾಸಿನ ನಂತರ ಸರ್ವರ್ ಎದ್ದರೆ ಹತ್ತು ನಿಮಿಷದ ಹಿಡಿತಗಳೆಲ್ಲ ಮುಗಿದಿರುತ್ತವೆ. ನಮಗೆ ಬೇಕಾದದ್ದೂ ಅದೇ. ಆದರೆ ಹಳೆಯ ಡೆಸ್ಕ್‌ಟಾಪನ್ನು ಸರ್ವರ್ ಮಾಡಿಕೊಂಡಿದ್ದು, ಅದರ ಮದರ್‌ಬೋರ್ಡಿನ ಗುಂಡಿಬ್ಯಾಟರಿ ಸತ್ತಿದ್ದರೆ ಗಡಿಯಾರ ಹಳೆಯ ವರ್ಷಕ್ಕೆ ಜಿಗಿದಿರುತ್ತದೆ. ಆಗ ಮುಗಿಯಬೇಕಾದ ಹಿಡಿತಗಳು ಮುಗಿಯದೆ ಕೋಣೆಗಳೆಲ್ಲ ಭರ್ತಿ ಎಂದು ತೋರಿಸುತ್ತವೆ. ಆ ಬ್ಯಾಟರಿ ಬದಲಿಸಿ, ಗಡಿಯಾರ ಇಂಟರ್‌ನೆಟ್‌ನಿಂದ ಸಮಯ ತೆಗೆದುಕೊಳ್ಳುವಂತೆ ಮಾಡಿಡಿ.

ಇಷ್ಟೆಲ್ಲ ಮಾಡಿದರೂ ಕಳೆದುಹೋಗಲೇಬಾರದ್ದನ್ನು ರೆಡಿಸ್‌ನಲ್ಲಿ ಮಾತ್ರ ಇಡಬೇಡಿ. ವಿ. ಕೃಷ್ಣ ಅವರು ನಾಲ್ಕು ದಶಕ ದುಡಿದು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷ ಕನ್ನಡ ಪದಗಳ ಆ ನಿಘಂಟನ್ನು ಆಗ ಕೂರಿಸಿದ್ದು ಪೋಸ್ಟ್‌ಗ್ರೆಸ್ ಮೇಲೆ. ಪದ ಕೊಟ್ಟರೆ ಅರ್ಥ ಕೊಡುವ ನಿಘಂಟು ಮೇಲ್ನೋಟಕ್ಕೆ ಕೀ-ಮೌಲ್ಯದ ಅಪ್ಪಟ ಉದಾಹರಣೆ. ಆದರೂ ಅಂಥ ಜೀವಮಾನದ ದುಡಿಮೆಯ ಜಾಗ ಡಿಸ್ಕಿನ ಡೇಟಾಬೇಸ್. ಹೆಚ್ಚು ಜನ ಕೇಳುವ ಪದಗಳ ಉತ್ತರವನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವುದಾದರೆ ಆಗ ರೆಡಿಸ್ ಸರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎರಡು ಹೆಜ್ಜೆಯಲ್ಲಿ ಹಿಡಿಯುವುದು. ಹಳೆಯ ಪಾಠಗಳಲ್ಲಿ ಮೊದಲು ಸೆಟ್‌ಎನ್‌ಎಕ್ಸ್, ಆಮೇಲೆ ಎಕ್ಸ್‌ಪೈರ್ ಎಂದು ಹೇಳಿಕೊಟ್ಟಿರುತ್ತದೆ. ಎರಡರ ನಡುವೆ ನಿಮ್ಮ ಪ್ರೋಗ್ರಾಂ ನಿಂತರೆ ಆಯಸ್ಸೇ ಇಲ್ಲದ ಹಿಡಿತ ಉಳಿದು ಆ ಕೋಣೆ ಮತ್ತೆ ಯಾರಿಗೂ ಸಿಗದು. 4ನೇ ಹಂತದಂತೆ ಒಂದೇ ಕಮಾಂಡಿನಲ್ಲಿ ಮಾಡಿ.

ಮತ್ತೆ ಸೆಟ್ ಮಾಡಿ ಆಯಸ್ಸು ಕಳೆದುಕೊಳ್ಳುವುದು. ಇರುವ ಕೀ ಮೇಲೆ ಇನ್ನೊಮ್ಮೆ ಸೆಟ್ ಕೊಟ್ಟರೆ ಹಳೆಯ ಮೌಲ್ಯದ ಜೊತೆ ಆಯಸ್ಸೂ ಅಳಿಯುತ್ತದೆ. ಮೌಲ್ಯ ಮಾತ್ರ ಬದಲಿಸಿ ಆಯಸ್ಸು ಉಳಿಸಲು ಕೊನೆಯಲ್ಲಿ ಕೀಪ್‌ಟಿಟಿಎಲ್ ಸೇರಿಸಿ, 6.0 ಆವೃತ್ತಿಯಿಂದ ಇದೆ. ಇನ್‌ಕ್ರ್, ಡಿಕ್ರ್ ಆಯಸ್ಸನ್ನು ಮುಟ್ಟುವುದಿಲ್ಲ.

‘ಕೀಸ್’ ಮುಂದೆ ನಕ್ಷತ್ರ ಹಾಕುವುದು. ಏನೇನಿದೆ ನೋಡೋಣ ಎಂದು ಎಲ್ಲರೂ ಮೊದಲು ಟೈಪ್ ಮಾಡುವುದು ಇದನ್ನೇ. ಕಲಿಯುವಾಗ ಪರವಾಗಿಲ್ಲ. ಓಡುತ್ತಿರುವ ವೆಬ್‌ಸೈಟಿನಲ್ಲಿ ಬೇಡ: ಎಲ್ಲ ಕೀಗಳನ್ನೂ ನೋಡಿ ಮುಗಿಸುವ ತನಕ ಬೇರೆ ಯಾವ ಕಮಾಂಡೂ ನಡೆಯದು. ಸ್ಕ್ಯಾನ್ ಬಳಸಿ, ಅದು ತುಸು ತುಸುವಾಗಿ ಕೊಡುತ್ತದೆ.

ಒಂದು ಬಗೆಯ ಕೀಗೆ ಇನ್ನೊಂದು ಬಗೆಯ ಕಮಾಂಡ್. ಹ್ಯಾಷ್ ಮೇಲೆ ಗೆಟ್ ಕೊಟ್ಟರೆ ‘ರಾಂಗ್‌ಟೈಪ್’ ಎಂಬ ದೋಷ ಬರುತ್ತದೆ. ‘ಟೈಪ್’ ಎಂಬ ಕಮಾಂಡ್ ಕೊಟ್ಟು ಯಾವ ಬಗೆ ಎಂದು ನೋಡಿಕೊಳ್ಳಿ. ಆದರೆ ಸೆಟ್ ಹಾಗೆ ದೂರುವುದಿಲ್ಲ, ಇಡೀ ಹ್ಯಾಷನ್ನೇ ಅಳಿಸಿ ತನ್ನ ಮೌಲ್ಯ ಬರೆದುಬಿಡುತ್ತದೆ.

ಬಾಗಿಲು ತೆರೆದಿಡುವುದು. ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಇದು. ರೆಡಿಸ್ ಮೊದಲಿಗೆ ತನ್ನದೇ ಕಂಪ್ಯೂಟರಿನಿಂದ ಬಂದ ಮಾತನ್ನು ಮಾತ್ರ ಕೇಳುತ್ತದೆ. ಮನೆಯಿಂದ ಕೆಲಸ ಮಾಡಬೇಕೆಂದು ಆ ಕಾವಲು ತೆಗೆದು 6379 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದರೆ ಅದನ್ನೇ ಹುಡುಕುತ್ತಿರುವ ಸ್ವಯಂಚಾಲಿತ ಪ್ರೋಗ್ರಾಂಗಳು ಬೇಗನೆ ಪತ್ತೆ ಹಚ್ಚುತ್ತವೆ. ಮಾಹಿತಿ ಅಳಿಸುವುದೂ ಉಂಟು, ನಿಮ್ಮ ಸರ್ವರಿನಲ್ಲಿ ಕ್ರಿಪ್ಟೊ ಗಣಿಗಾರಿಕೆ ಶುರು ಮಾಡುವುದೂ ಉಂಟು. ದೂರದಿಂದ ಬೇಕೇ ಬೇಕಾದರೆ ಎಸ್‌ಎಸ್‌ಎಚ್ ಸುರಂಗದ ಮೂಲಕ ಬನ್ನಿ, ಉದ್ದನೆಯ ಪಾಸ್‌ವರ್ಡ್ ಹಾಕಿ.

ಮೆಮೊರಿಗೆ ಮಿತಿ ಹಾಕದಿರುವುದು. ಮ್ಯಾಕ್ಸ್‌ಮೆಮೊರಿ ಎಂಬ ಸೆಟ್ಟಿಂಗ್ ಹಾಕಿ. ಮಿತಿ ತುಂಬಿದಾಗ ಏನಾಗಬೇಕೆಂದೂ ಹೇಳಬಹುದು. ಹಳೆಯದನ್ನು ತಾನೇ ತೆಗೆದುಹಾಕುವ ಆಯ್ಕೆ ಕ್ಯಾಶ್‌ಗೆ, ಅಂದರೆ ಬೇಕೆಂದಾಗ ಮತ್ತೆ ಪಡೆಯಬಹುದಾದ ಮಾಹಿತಿಯ ತಾತ್ಕಾಲಿಕ ಪ್ರತಿಗೆ ಸರಿ, ಕೋಣೆಯ ಹಿಡಿತ ಇಟ್ಟ ರೆಡಿಸ್‌ಗೆ ಅಲ್ಲ. ಯಾರದೋ ಹಿಡಿತವೇ ಹಾರಿಹೋಗಬಹುದು. ಅಲ್ಲಿ ‘ನೋಎವಿಕ್ಷನ್’ ಇರಲಿ, ತುಂಬಿದಾಗ ಹೊಸದಕ್ಕೆ ದೋಷ ಬರಲಿ.

‘ಫ್ಲಶ್‌ಆಲ್’. ಎಲ್ಲವನ್ನೂ ಅಳಿಸುತ್ತದೆ, ‘ಖಚಿತವೇ’ ಎಂದು ಕೇಳುವುದಿಲ್ಲ. ಟೈಪ್ ಮಾಡುವ ಮೊದಲು ಯಾವ ಸರ್ವರಿನಲ್ಲಿದ್ದೀರಿ ಎಂದು ನೋಡಿಕೊಳ್ಳಿ.

ಇವತ್ತೇ ಮಾಡಿ ನೋಡಲು

ಎರಡು ಟರ್ಮಿನಲ್ ಕಿಟಕಿಗಳನ್ನು ಅಕ್ಕಪಕ್ಕ ತೆರೆಯಿರಿ. ಒಂದು ಹುಬ್ಬಳ್ಳಿಯವರದು, ಇನ್ನೊಂದು ಗೋವಾದವರದು ಎಂದುಕೊಳ್ಳಿ. 4ನೇ ಹಂತದ ಕಮಾಂಡನ್ನು 600ರ ಬದಲು 60 ಹಾಕಿ, ಗ್ರಾಹಕರ ಸಂಖ್ಯೆ ಬದಲಿಸಿ ಎರಡರಲ್ಲೂ ಕೊಡಿ. ಒಂದರಲ್ಲಿ ಓಕೆ, ಇನ್ನೊಂದರಲ್ಲಿ ನಿಲ್ ಬರಬೇಕು. ನಿಲ್ ಬಂದ ಕಡೆ ಆಗಾಗ ಟಿಟಿಎಲ್ ಕೇಳುತ್ತ ಸಂಖ್ಯೆ ಇಳಿಯುವುದನ್ನು ನೋಡಿ. -2 ಬಂದ ಕೂಡಲೇ ಅದೇ ಕಮಾಂಡನ್ನು ಮತ್ತೆ ಕೊಡಿ, ಈ ಸಲ ಓಕೆ ಸಿಗುತ್ತದೆ. ನಂತರ ಮೊದಲ ಕಿಟಕಿಗೆ ಹೋಗಿ, ಹಿಡಿತ ಕಳೆದುಕೊಂಡದ್ದು ಗೊತ್ತಿಲ್ಲದವರಂತೆ ಡೆಲ್ ಕೊಡಿ. 1 ಎಂದು ಬರುತ್ತದೆ. ಎರಡನೆಯವರ ಹಿಡಿತ ಅಳಿದಿರುತ್ತದೆ. ಇಷ್ಟು ಕಣ್ಣಾರೆ ಕಂಡ ಮೇಲೆ ಲುವಾದ ಆ ಮೂರ್ನಾಲ್ಕು ಸಾಲು ಬರೆಯಲು ಕುಳಿತುಕೊಳ್ಳಿ.